ಆಮ್ಲದಲ್ಲಿ ಕಾರ್ಬನ್ ಕಡ್ಡಿ ಸವೆಯುವುದೇಕೆ, ಆನೋಡಿನ ಅನಿಲ ಕಡಿಮೆ ಬರುವುದೇಕೆ?

ಪ್ರಶ್ನೆ: ರಸಾಯನಶಾಸ್ತ್ರ ಉಪನ್ಯಾಸಕಿ, ಗದಗ

ಎಲ್ಲರಿಗೂ ನಮಸ್ಕಾರ. ಗದಗಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಬೋಧಿಸುತ್ತೇನೆ. ವಿದ್ಯುದ್ರಸಾಯನಶಾಸ್ತ್ರದ ಪಾಠ ಬಂದಾಗ ನೀರಿನ ವಿದ್ಯುದ್ವಿಭಜನೆಯನ್ನು, ಅಂದರೆ ವಿದ್ಯುತ್ ಹರಿಸಿ ನೀರನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯುವುದನ್ನು, ಮಾಡಿ ತೋರಿಸುವುದು ನಮ್ಮಲ್ಲಿ ರೂಢಿ. ಪ್ಲಾಟಿನಂ ಎಲೆಕ್ಟ್ರೋಡುಗಳು ನಮ್ಮ ಪ್ರಯೋಗಾಲಯದ ಕೈಗೆಟುಕುವುದಿಲ್ಲವಾದ್ದರಿಂದ, ಹಳೆಯ ಟಾರ್ಚ್ ಸೆಲ್ಲುಗಳನ್ನು ಬಿಡಿಸಿ ತೆಗೆದ ಕಾರ್ಬನ್ ಕಡ್ಡಿಗಳನ್ನೇ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ನಿಲ್ಲಿಸಿ, ಬ್ಯಾಟರಿಯ ಬದಲಿಗೆ ಬಳಸುವ 12 ವೋಲ್ಟಿನ ಎಲಿಮಿನೇಟರಿಗೆ ಜೋಡಿಸುತ್ತೇವೆ.

ಹೈಡ್ರೋಜನ್ ಹೊರಡುವ ಕ್ಯಾಥೋಡಿನ (ಋಣ ಧ್ರುವದ) ಕಡೆ ಎಲ್ಲವೂ ಪಾಠದಲ್ಲಿರುವಂತೆಯೇ ನಡೆಯುತ್ತದೆ. ಆಕ್ಸಿಜನ್ ಹೊರಡಬೇಕಾದ ಆನೋಡಿನ (ಧನ ಧ್ರುವದ) ಕಡೆ ಹಾಗಾಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಕಡ್ಡಿಯ ಸುತ್ತ ಕಂದು ಬಣ್ಣದ ಎಳೆಗಳು ಇಳಿಯತೊಡಗುತ್ತವೆ, ತಳದಲ್ಲಿ ಕರಿಯ ಪುಡಿ ಕೂಡುತ್ತದೆ, ತರಗತಿ ಮುಗಿಯುವ ಹೊತ್ತಿಗೆ ಕಡ್ಡಿಯ ಮುಳುಗಿದ ಭಾಗವನ್ನು ಬೆರಳಿನಿಂದ ಉಜ್ಜಿದರೆ ಮಸಿ ಬರುತ್ತದೆ. ಸಂಗ್ರಹವಾದ ಆಕ್ಸಿಜನ್ ಹೈಡ್ರೋಜನ್ನಿನ ಅರ್ಧದಷ್ಟಿರಬೇಕಾದದ್ದು ಅದಕ್ಕಿಂತ ಸ್ಪಷ್ಟವಾಗಿ ಕಡಿಮೆ ಇರುತ್ತದೆ. ಕೆಂಡವಾದ ಕಟ್ಟಿಗೆಯ ಕಡ್ಡಿಯನ್ನು ಆ ಆಕ್ಸಿಜನ್ ನಳಿಕೆಗೆ ಹಿಡಿದರೆ ಅದು ಭಗ್ಗನೆ ಹೊತ್ತಿಕೊಳ್ಳದೆ ತುಸು ಪ್ರಕಾಶಿಸಿ ಸುಮ್ಮನಾಗುತ್ತದೆ.

ಗ್ರಾಫೈಟನ್ನು ನಾವು ಜಡ ಎಲೆಕ್ಟ್ರೋಡ್ ಎಂದು ಬರೆಸುತ್ತೇವೆ. ಹಾಗಿದ್ದರೆ ಈ ಸವೆತ ಎಲ್ಲಿಂದ ಬಂತು? ಅನಿಲದ ಕೊರತೆಯ ಲೆಕ್ಕ ಹೇಗೆ ಕೊಡಬೇಕು? ಇನ್ನೂ ಒಂದು ಮಾತಿದೆ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡುತ್ತ ಬೆಳೆದ ನಮ್ಮ ಮಕ್ಕಳಿಗೆ ವಿದ್ಯುತ್ತನ್ನು ಕೂಡಿಡುವ ವಿಷಯದಲ್ಲಿ ಬಹಳ ಆಸಕ್ತಿ. ಸಲ್ಫ್ಯೂರಿಕ್ ಆಮ್ಲ ತುಂಬಿದ ವೆನೇಡಿಯಂ ಬ್ಯಾಟರಿಯಲ್ಲೂ ಹೈಡ್ರೋಜನ್ನನ್ನು ಗಾಳಿಯ ಆಕ್ಸಿಜನ್ನಿನೊಡನೆ ಕೂಡಿಸಿ ವಿದ್ಯುತ್ ಕೊಡುವ ಇಂಧನಕೋಶದಲ್ಲೂ ಕಾರ್ಬನ್ನನ್ನೇ ಬಳಸುತ್ತಾರೆಂದು ಓದಿಕೊಂಡ ವಿದ್ಯಾರ್ಥಿನಿಯೊಬ್ಬಳು, ನಮ್ಮ ಬೀಕರಿನಲ್ಲಿ ಉಳಿಯದ ಕಾರ್ಬನ್ ಅಲ್ಲಿ ವರ್ಷಗಟ್ಟಲೆ ಹೇಗೆ ಉಳಿಯುತ್ತದೆ ಎಂದು ಕೇಳಿದ್ದಾಳೆ. ಅವಳಿಗೆ ಅರೆಬರೆ ಉತ್ತರ ಕೊಡಲು ನನಗೆ ಮನಸ್ಸಿಲ್ಲ.

ಉತ್ತರ 1: ನಿವೃತ್ತ ಪ್ರಾಧ್ಯಾಪಕ, ಧಾರವಾಡ

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಈ ವಿಷಯದ ಮರ್ಮಕ್ಕೇ ಕೈಹಾಕಿದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಕಾರ್ಬನ್ ನೀರಿನೊಡನೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಆಗುವ ಕ್ರಿಯೆಯಲ್ಲಿ ಒಂದು ಕಾರ್ಬನ್ ಪರಮಾಣು, ಎರಡು ನೀರಿನ ಅಣುಗಳು ಸೇರಿ ಒಂದು ಡೈಆಕ್ಸೈಡ್ ಅಣು, ನಾಲ್ಕು ಪ್ರೋಟಾನು ಮತ್ತು ನಾಲ್ಕು ಎಲೆಕ್ಟ್ರಾನುಗಳನ್ನು ಕೊಡುತ್ತವೆ. ಇದರ ಪ್ರಮಾಣಿತ ವಿಭವ, ಅಂದರೆ ಯಾವ ವೋಲ್ಟೇಜಿನಿಂದಾಚೆಗೆ ಈ ಕ್ರಿಯೆ ನಡೆಯಲು ಸಾಧ್ಯವೋ ಆ ಮಟ್ಟ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೈಡ್ರೋಜನ್ ಎಲೆಕ್ಟ್ರೋಡಿಗೆ ಹೋಲಿಸಿದರೆ ಕೇವಲ 0.207 ವೋಲ್ಟ್. ನೀರಿನಿಂದ ಆಕ್ಸಿಜನ್ ಹೊರಡಲು 1.23 ವೋಲ್ಟ್ ಬೇಕೆಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಶಕ್ತಿಯ ಲೆಕ್ಕದಲ್ಲಿ ಹೇಳುವುದಾದರೆ, ಯಾವ ವಿಭವದಲ್ಲಿ ಆಕ್ಸಿಜನ್ ಬಿಡುಗಡೆಯಾಗಬೇಕೋ ಅದಕ್ಕಿಂತ ಒಂದು ವೋಲ್ಟು ಕೆಳಗೇ ಕಾರ್ಬನ್ ಉತ್ಕರ್ಷಣಗೊಳ್ಳಲು (ಎಲೆಕ್ಟ್ರಾನು ಕಳೆದುಕೊಂಡು ಆಕ್ಸಿಜನ್ ಜೊತೆ ಕೂಡಲು) ಸಿದ್ಧವಾಗಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ಆಗುವ ದಾರಿಯೂ ಇದೆ, ಅದರ ವಿಭವ 0.518 ವೋಲ್ಟ್, ಅದೂ 1.23ಕ್ಕಿಂತ ಬಹಳ ಕೆಳಗೆ. ಆದ್ದರಿಂದ ಕಾರ್ಬನ್ ಆನೋಡ್ ಎಂದೂ ಜಡವಲ್ಲ. ಅದನ್ನು ಕಾಪಾಡುವುದು ಆ ಕ್ರಿಯೆಯ ನಿಧಾನಗತಿ ಮಾತ್ರ. ಕೋಣೆಯ ಉಷ್ಣತೆಯಲ್ಲಿ 0.8 ವೋಲ್ಟಿನ ತನಕ ಈ ಕ್ರಿಯೆ ಎಷ್ಟು ಮಂದವಾಗಿರುತ್ತದೆಂದರೆ ಸಾಮಾನ್ಯ ಪ್ರಯೋಗದಲ್ಲಿ ಅದು ಗಮನಕ್ಕೇ ಬರುವುದಿಲ್ಲ. ವಿಭವ ಏರಿದಂತೆ, ಉಷ್ಣತೆ ಏರಿದಂತೆ ಆ ರಕ್ಷಣೆ ಕರಗುತ್ತ ಹೋಗುತ್ತದೆ.

ನಿಮ್ಮ ಬೀಕರಿನಲ್ಲಿ ಆನೋಡಿನ ವಿಭವ 1.23ರಲ್ಲೂ ನಿಲ್ಲುವುದಿಲ್ಲ. ಕಾರ್ಬನ್ನಿನ ಮೇಲೆ ಆಕ್ಸಿಜನ್ ಸುಲಭವಾಗಿ ಹುಟ್ಟದ ಕಾರಣ, ನೀವು ಹರಿಸಲು ಬಯಸುವ ವಿದ್ಯುತ್ ಪ್ರವಾಹವನ್ನು ಪಡೆಯಬೇಕಾದರೆ ವಿಭವ ಇನ್ನೂ ಸಾಕಷ್ಟು ಮೇಲೇರಬೇಕಾಗುತ್ತದೆ. ಅಲ್ಲಿ ಎರಡೂ ಕ್ರಿಯೆಗಳು ಜೊತೆಜೊತೆಯಾಗಿ ನಡೆಯುತ್ತವೆ, ಪ್ರವಾಹ ಅವೆರಡರ ನಡುವೆ ಹಂಚಿಹೋಗುತ್ತದೆ.

ಲೋಹಗಳ ಸಂಕ್ಷಾರಣಕ್ಕೂ (ತುಕ್ಕಿನಂಥ ಸವೆತಕ್ಕೂ) ಇದಕ್ಕೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ. ಟೈಟೇನಿಯಂ ಉತ್ಕರ್ಷಣಗೊಂಡಾಗ ಅದರ ಆಕ್ಸೈಡ್ ಗಟ್ಟಿಯಾದ ತೆಳುಪೊರೆಯಾಗಿ ಮೈಗೆ ಅಂಟಿಕೊಂಡು ಒಳಗಿನ ಲೋಹವನ್ನು ರಕ್ಷಿಸುತ್ತದೆ. ಕಾರ್ಬನ್ನಿನ ಅಂತಿಮ ಆಕ್ಸೈಡ್ ಅನಿಲ. ಅದು ಹೊರಟುಹೋಗುತ್ತದೆ, ಹಿಂದೆ ಹೊಸ ಮೈ ತೆರೆದುಕೊಳ್ಳುತ್ತದೆ. ನಡುವಿನ ಹಂತದಲ್ಲಿ ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್, ಕ್ವಿನೋನ್, ಕಾರ್ಬಾಕ್ಸಿಲ್ ಮುಂತಾದ ಆಕ್ಸಿಜನ್ ಗುಂಪುಗಳು ಕೂಡುವುದು ನಿಜ, ಮತ್ತು ಸ್ಥಿರ ವಿಭವದಲ್ಲಿ ಇರಿಸಿದಾಗ ಸವೆತದ ಪ್ರವಾಹ ಕಾಲಕ್ರಮದಲ್ಲಿ ಇಳಿಯುತ್ತ ಬರುವುದಕ್ಕೆ ಅವು ಒಂದು ಕಾರಣ. ಆದರೆ ಅದು ಪೂರ್ಣ ರಕ್ಷಾಕವಚ ಆಗುವುದಿಲ್ಲ.

ಸವೆತ ಎಲ್ಲಿಂದ ಶುರುವಾಗುತ್ತದೆ ಎಂಬುದೂ ಮುಖ್ಯ. ಗ್ರಾಫೈಟಿನ ಪದರದ ನಡುಭಾಗದಲ್ಲಿ ಪ್ರತಿ ಪರಮಾಣುವೂ ಮೂರು ನೆರೆಯವರೊಡನೆ ಬಿಗಿಯಾಗಿ ಬಂಧಿತವಾಗಿರುತ್ತದೆ; ಪದರದ ಅಂಚಿನಲ್ಲಿ, ದೋಷಗಳಿರುವಲ್ಲಿ ಆ ಬಿಗಿ ಇಲ್ಲ. ಉತ್ಕರ್ಷಣ ಅಂಚಿನಿಂದಲೇ ಒಳಗೆ ನುಗ್ಗುತ್ತದೆ. ನಿಮ್ಮ ಕಡ್ಡಿ ಒಂದೇ ಹರಳಲ್ಲ, ಪುಡಿಮಾಡಿದ ಕೋಕ್ ಮತ್ತು ಗ್ರಾಫೈಟನ್ನು ಡಾಂಬರಿನಂಥ ಪಿಚ್ಚಿನಲ್ಲಿ ಕಲಸಿ ಒತ್ತಿ ಸುಟ್ಟು ಮಾಡಿದ್ದು. ಬಂಧಕವಾದ ಪಿಚ್ಚಿನಿಂದ ಬಂದ ಕಾರ್ಬನ್ ಅಸ್ತವ್ಯಸ್ತ ರಚನೆಯದು, ಅದು ಮೊದಲು ಕರಗುತ್ತದೆ. ಗೋಡೆಯ ಗಾರೆ ಉದುರಿದ ಮೇಲೆ ಕಲ್ಲುಗಳು ತಾವಾಗಿಯೇ ಕಳಚಿ ಬೀಳುವಂತೆ, ಉತ್ಕರ್ಷಣಗೊಳ್ಳದೆ ಉಳಿದ ಕಣಗಳೂ ಕಳಚಿ ತಳ ಸೇರುತ್ತವೆ. ನೀವು ನೋಡುವ ಕರಿಯ ಪುಡಿ ಅದೇ. ಕಂದು ಬಣ್ಣದ ಎಳೆಗಳು ಅರೆಬರೆ ಉತ್ಕರ್ಷಣಗೊಂಡ ಕಾರ್ಬನ್ ತುಣುಕುಗಳು, ಆಕ್ಸಿಜನ್ ಗುಂಪುಗಳನ್ನು ಹೊತ್ತು ನೀರಿನಲ್ಲಿ ತೇಲಬಲ್ಲವು. ಗ್ರಾಫೈಟನ್ನು ಹೀಗೆ ಉತ್ಕರ್ಷಿಸಿದಾಗ ಬೆಂಜೀನಿನ ಆರೂ ಮೂಲೆಗಳಲ್ಲಿ ಕಾರ್ಬಾಕ್ಸಿಲ್ ಗುಂಪುಗಳಿರುವ ಮೆಲ್ಲಿಟಿಕ್ ಆಮ್ಲ ಕೂಡ ಸಿಗುತ್ತದೆ. ಗ್ರಾಫೈಟಿನ ಷಟ್ಕೋನವೊಂದು ತನ್ನ ಗುರುತನ್ನು ಉಳಿಸಿಕೊಂಡೇ ಹೊರಬಂದದ್ದು ನನಗೆ ಇಂದಿಗೂ ಬಹಳ ಸುಂದರವಾಗಿ ಕಾಣುತ್ತದೆ.

ಇನ್ನು ಅನಿಲದ ಕೊರತೆ. ಇಲ್ಲಿ ಅವಸರದ ಉತ್ತರ ಸಾಲದು. ಪ್ರವಾಹದ ಒಂದು ಭಾಗ ಕಾರ್ಬನ್ ಡೈಆಕ್ಸೈಡ್ ತಯಾರಿಸಲು ಹೋಯಿತು, ಆದ್ದರಿಂದ ಅನಿಲ ಕಡಿಮೆಯಾಯಿತು ಎಂದು ಹೇಳಿಬಿಡಬಹುದು. ಆದರೆ ಎಲೆಕ್ಟ್ರಾನುಗಳನ್ನು ಎಣಿಸಿ ನೋಡಿ. ಒಂದು ಆಕ್ಸಿಜನ್ ಅಣುವಿಗೂ ನಾಲ್ಕು ಎಲೆಕ್ಟ್ರಾನು, ಒಂದು ಕಾರ್ಬನ್ ಡೈಆಕ್ಸೈಡ್ ಅಣುವಿಗೂ ನಾಲ್ಕೇ. ಅಂದರೆ ಆಕ್ಸಿಜನ್ನಿನ ಜಾಗದಲ್ಲಿ ಡೈಆಕ್ಸೈಡ್ ಬಂದರೂ ಅನಿಲದ ಗಾತ್ರ ಬದಲಾಗಬಾರದು. ಮಾನಾಕ್ಸೈಡಿಗೆ ಎರಡೇ ಎಲೆಕ್ಟ್ರಾನು ಸಾಕಾದ್ದರಿಂದ ಅದು ಬಂದರೆ ಗಾತ್ರ ಹೆಚ್ಚಬೇಕು. ಹಾಗಿದ್ದೂ ಕಡಿಮೆಯಾಗಲು ಎರಡು ಕಾರಣಗಳಿವೆ. ಮೊದಲನೆಯದು, ಡೈಆಕ್ಸೈಡ್ ನೀರಿನಲ್ಲಿ ಕರಗುವ ಪ್ರಮಾಣ: 25 ಡಿಗ್ರಿಯಲ್ಲಿ, ಒಂದು ವಾತಾವರಣದ ಒತ್ತಡದಲ್ಲಿ, ಒಂದು ಲೀಟರ್ ನೀರು ಸುಮಾರು 800 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡನ್ನು ನುಂಗುತ್ತದೆ, ಆಕ್ಸಿಜನ್ನನ್ನಾದರೋ ಸುಮಾರು 30 ಮಿಲಿಲೀಟರ್ ಮಾತ್ರ. ಎರಡನೆಯದು, ಮೇಲ್ಮೈ ಗುಂಪುಗಳೂ ಆ ಕಂದು ತುಣುಕುಗಳೂ ತಯಾರಾಗಲು ಎಲೆಕ್ಟ್ರಾನುಗಳು ಖರ್ಚಾಗುತ್ತವೆ, ಆದರೆ ಆ ಖರ್ಚಿಗೆ ಪ್ರತಿಯಾಗಿ ಯಾವ ಅನಿಲವೂ ಹೊರಬರುವುದಿಲ್ಲ.

ಉತ್ತರ 2: ವಿದ್ಯುತ್ತಿನಿಂದ ಲೋಹ ಲೇಪಿಸುವ ಘಟಕವೊಂದರ ಗುಣಮಟ್ಟ ಪ್ರಯೋಗಾಲಯದಿಂದ, ಹುಬ್ಬಳ್ಳಿ

ಪ್ರಾಧ್ಯಾಪಕರ ವಿವರಣೆಗೆ ಸೇರಿಸಲು ನನ್ನ ಬಳಿ ಕೆಲವು ಕೆಲಸದ ಮಾತುಗಳಿವೆ. ಕಾರ್ಬನ್ ಆನೋಡುಗಳು ಪುಡಿ ಬಿಡುವುದು ನಮಗೆ ಸದಾ ಎದುರಾಗುವ ತೊಂದರೆ. ಅದಕ್ಕಾಗಿಯೇ ಅವುಗಳಿಗೆ ಆಮ್ಲ ತಡೆಯುವ ಬಟ್ಟೆಯ ಚೀಲ ತೊಡಿಸುತ್ತೇವೆ, ಇಲ್ಲವಾದರೆ ಕಣಗಳು ತೇಲಿಹೋಗಿ ಲೇಪಿಸುತ್ತಿರುವ ವಸ್ತುವಿನ ಮೇಲೆ ಕೂತು ಲೇಪನ ಒರಟಾಗುತ್ತದೆ.

ಟಾರ್ಚ್ ಸೆಲ್ಲಿನಿಂದ ಬಂದ ಕಡ್ಡಿ ಶುದ್ಧ ಕಾರ್ಬನ್ ಅಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯಾವ ತೀರ್ಮಾನಕ್ಕೂ ಬರಬೇಡಿ. ಅದು ವರ್ಷಗಟ್ಟಲೆ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಜಿಂಕ್ ಅಥವಾ ಅಮೋನಿಯಂ ಕ್ಲೋರೈಡಿನ ಕಲಸಿನ ನಡುವೆ ಇದ್ದದ್ದು. ಬಳಸಿ ಮುಗಿದ ಸೆಲ್ಲಿನಲ್ಲಿ ಮ್ಯಾಂಗನೀಸಿನ ಕೆಳಮಟ್ಟದ ಆಕ್ಸೈಡುಗಳಿದ್ದು, ಆಮ್ಲದಲ್ಲಿ ಸ್ವಲ್ಪ ಕರಗಿ, ಆನೋಡಿನ ಬಳಿ ಮತ್ತೆ ಉತ್ಕರ್ಷಣಗೊಂಡು ಕಂದು ಬಣ್ಣ ಕೊಡಬಲ್ಲವು. ಹಾಗಾಗಿ ನಿಮ್ಮ ಕಂದು ಬಣ್ಣ ಕಾರ್ಬನ್ನಿನದೋ ಮ್ಯಾಂಗನೀಸಿನದೋ ಎಂದು ಮೊದಲು ತಿಳಿಯಬೇಕು. ಆ ದ್ರವವನ್ನು ಸ್ವಲ್ಪ ಬೇರೆ ತೆಗೆದು, ಆಮ್ಲೀಯವಾಗಿರುವಾಗಲೇ ಔಷಧ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡಿನ ಕೆಲವು ಹನಿ ಹಾಕಿ. ಮ್ಯಾಂಗನೀಸಿನ ಕಂದು ತಕ್ಷಣ ತಿಳಿಯಾಗುತ್ತದೆ, ಕಾರ್ಬನ್ ತುಣುಕುಗಳ ಕಂದು ಹಾಗೇ ಉಳಿಯುತ್ತದೆ.

ಕ್ಲೋರೈಡಿನ ವಿಚಾರ ಇನ್ನೂ ಗಂಭೀರ. ಕಡ್ಡಿಯ ರಂಧ್ರಗಳಲ್ಲಿ ಅದು ಉಳಿದಿರುತ್ತದೆ. ಅದರ ಮೇಲೆ ನೀವು ಆಮ್ಲವನ್ನು ಕೊಳವೆಬಾವಿಯ ನೀರಿನಲ್ಲಿ ತೆಳುಮಾಡಿದ್ದರೆ, ನಮ್ಮ ಭಾಗದ ನೀರಿನ ಗುಣ ಗೊತ್ತೇ ಇದೆಯಲ್ಲ, ಅಲ್ಲಿಂದಲೂ ಕ್ಲೋರೈಡ್ ಬರುತ್ತದೆ. ಕಾರ್ಬನ್ನಿನ ಮೇಲೆ ಆಕ್ಸಿಜನ್ನಿಗಿಂತ ಕ್ಲೋರಿನ್ ಸಲೀಸಾಗಿ ಹೊರಡುತ್ತದೆ, ಮತ್ತು ಅದು ನೀರಿನಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತಲೂ ಹೆಚ್ಚು ಕರಗುವುದರಿಂದ ಗಾತ್ರದ ಕೊರತೆಗೆ ಅದೂ ಪಾಲುದಾರ. ಒದ್ದೆ ಲಿಟ್ಮಸ್ ಕಾಗದವನ್ನು ಆನೋಡಿನ ಅನಿಲಕ್ಕೆ ಹಿಡಿಯಿರಿ, ಬಣ್ಣ ಹೋದರೆ ಕ್ಲೋರಿನ್ ಇದೆ ಎಂದರ್ಥ. ಕಡ್ಡಿಗಳನ್ನು ಮರಳುಕಾಗದದಲ್ಲಿ ಉಜ್ಜಿ, ಭಟ್ಟಿ ಇಳಿಸಿದ ನೀರನ್ನು ಬದಲಿಸುತ್ತ ಕುದಿಸಿ, ಅದೇ ನೀರಿನಲ್ಲೇ ಆಮ್ಲವನ್ನು ತಯಾರಿಸಿಕೊಳ್ಳಿ. ಪೆನ್ಸಿಲ್ ಸೀಸವನ್ನು ಬಳಸಬೇಡಿ. ಅದರಲ್ಲಿ ಜೇಡಿಮಣ್ಣು ಕೂಡಿರುತ್ತದೆ, ತೂಕದ ಲೆಕ್ಕವೆಲ್ಲ ಕೆಡುತ್ತದೆ.

ತೂಕದ ಲೆಕ್ಕ ಎಂದೆನಲ್ಲ, ಹರಿದ ವಿದ್ಯುತ್ತಿಗೆ ತಕ್ಕ ಪ್ರಮಾಣದಲ್ಲೇ ವಸ್ತು ಹುಟ್ಟುತ್ತದೆ ಅಥವಾ ಕರಗುತ್ತದೆ ಎಂಬ ಫ್ಯಾರಡೆಯ ನಿಯಮವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. 0.5 ಆಂಪಿಯರ್ ಪ್ರವಾಹವನ್ನು 30 ನಿಮಿಷ ಹರಿಸಿದರೆ 900 ಕೂಲಂಬ್ ಆಗುತ್ತದೆ. ಆ 900 ಕೂಲಂಬೂ ಆಕ್ಸಿಜನ್ನಿಗೇ ಹೋದರೆ 25 ಡಿಗ್ರಿಯಲ್ಲಿ ಸುಮಾರು 57 ಮಿಲಿಲೀಟರ್ ಅನಿಲ ಬರಬೇಕು, ಕ್ಯಾಥೋಡಿನಲ್ಲಿ 114 ಮಿಲಿಲೀಟರ್ ಹೈಡ್ರೋಜನ್. ಅಷ್ಟೂ ಕಾರ್ಬನ್ ಡೈಆಕ್ಸೈಡಿಗೆ ಹೋಗಿದ್ದರೆ ಕಡ್ಡಿ ಕಳೆದುಕೊಳ್ಳುವ ತೂಕ ಸುಮಾರು 28 ಮಿಲಿಗ್ರಾಂ. ಕಡ್ಡಿಯನ್ನು ಮೊದಲೂ ಆಮೇಲೂ ತೊಳೆದು, ಒಲೆಯಲ್ಲಿ ಒಣಗಿಸಿ ತೂಗಿ. ತೂಕದ ನಷ್ಟ 28ಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚುವರಿ ಭಾಗದ ಬಹುಪಾಲು ವಿದ್ಯುತ್ತಿನಿಂದ ಕರಗಿದ್ದಲ್ಲ, ಕಳಚಿ ಬಿದ್ದದ್ದು ಎಂಬುದಕ್ಕೆ ಅದೇ ಸಾಕ್ಷಿ. ತಳದ ಪುಡಿಯನ್ನು ಸೋಸಿ ಒಣಗಿಸಿ ತೂಗಿದರೆ ಎರಡನ್ನೂ ಬೇರ್ಪಡಿಸಿಯೇ ಹೇಳಬಹುದು.

ಪ್ರಶ್ನೆ ಕೇಳಿದವರು, ಗದಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪೆರಾಕ್ಸೈಡಿನ ಪರೀಕ್ಷೆಯನ್ನು ಮಕ್ಕಳೆದುರಿಗೇ ಮಾಡಿದೆವು. ತೊಳೆಯದ ಕಡ್ಡಿ ಇದ್ದ ಬೀಕರಿನ ದ್ರವ ನೊರೆಯೆದ್ದು ಅರ್ಧಕ್ಕರ್ಧ ತಿಳಿಯಾಯಿತು, ಉಳಿದರ್ಧ ಬಣ್ಣ ಕದಲಲಿಲ್ಲ. ಚೆನ್ನಾಗಿ ಕುದಿಸಿ ತೊಳೆದ ಕಡ್ಡಿಯ ಬೀಕರಿನಲ್ಲಿ ಬಣ್ಣ ನಿಧಾನವಾಗಿ, ತೆಳುವಾಗಿ ಬಂತು, ಆದರೆ ಪೆರಾಕ್ಸೈಡಿಗೆ ಜಗ್ಗಲಿಲ್ಲ. ಎರಡೂ ಬೀಕರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ತರಗತಿಯಲ್ಲಿ ಎದ್ದ ಚರ್ಚೆ ಗಂಟೆ ಬಾರಿಸಿದರೂ ಮುಗಿಯಲಿಲ್ಲ. ಇಂಧನಕೋಶ ಮತ್ತು ವೆನೇಡಿಯಂ ಬ್ಯಾಟರಿಯ ಬಗ್ಗೆ ಬಲ್ಲವರು ದಯವಿಟ್ಟು ಬರೆಯಿರಿ.

ಉತ್ತರ 3: ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಇಂಧನಕೋಶದಲ್ಲಿ ಕ್ರಿಯೆಯನ್ನು ಚುರುಕುಗೊಳಿಸುವ ಪ್ಲಾಟಿನಮ್ಮಿನ ನ್ಯಾನೊಕಣಗಳನ್ನು ಹೊತ್ತು ನಿಲ್ಲುವುದು ಕಾರ್ಬನ್ ಬ್ಲ್ಯಾಕ್ ಎಂಬ ನಯವಾದ ಪುಡಿ. ವಲ್ಕನ್ ಎಕ್ಸ್‌ಸಿ-72 ಎಂಬ ಹೆಸರಿನಲ್ಲಿ ಸಿಗುವ, ನಮ್ಮಂಥವರು ಹೆಚ್ಚಾಗಿ ಬಳಸುವ ಪುಡಿಯ ಮೇಲ್ಮೈ ಒಂದು ಗ್ರಾಮಿಗೆ ಸುಮಾರು 250 ಚದರ ಮೀಟರ್. ಪ್ಲಾಟಿನಂ ಹರಡಿ ನಿಲ್ಲಲು ಅಷ್ಟು ವಿಸ್ತಾರ ಬೇಕು, ಆದರೆ ಅಷ್ಟೇ ವಿಸ್ತಾರ ಸವೆತಕ್ಕೂ ತೆರೆದಿರುತ್ತದೆ. ಸುತ್ತ ಪ್ರೋಟಾನು ಸಾಗಿಸುವ ಆಮ್ಲೀಯ ಪಾಲಿಮರ್ ಪೊರೆ, ಉಷ್ಣತೆ ಸುಮಾರು 80 ಡಿಗ್ರಿ, ಜೊತೆಗೆ ಕಾರ್ಬನ್ನಿನ ಉತ್ಕರ್ಷಣಕ್ಕೆ ಪ್ಲಾಟಿನಮ್ಮೇ ವೇಗವರ್ಧಕ. ಇಷ್ಟಿದ್ದರೂ ಕೋಶ ಓಡುತ್ತಿರುವಾಗ ಗಾಳಿ ಹಾಯುವ ಬದಿಯಾದ ಕ್ಯಾಥೋಡಿನ ವಿಭವ 0.6ರಿಂದ 0.8 ವೋಲ್ಟಿನ ಆಸುಪಾಸಿನಲ್ಲಿರುವುದರಿಂದ ಸವೆತ ತಾಳಬಲ್ಲ ಮಿತಿಯಲ್ಲಿರುತ್ತದೆ. ನಿಮ್ಮ ಬೀಕರಿಗೂ ಅದಕ್ಕೂ ಇರುವ ಅಂತರ ಈ ವಿಭವದ್ದೇ. ವಿದ್ಯಾರ್ಥಿನಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ನಿಜವಾದ ಹಾನಿ ಆಗುವುದು ಕೋಶವನ್ನು ಆರಂಭಿಸುವ ಮತ್ತು ನಿಲ್ಲಿಸುವ ಕ್ಷಣಗಳಲ್ಲಿ. ನಿಂತಿದ್ದ ಕೋಶದಲ್ಲಿ ಹೈಡ್ರೋಜನ್ ಹಾಯುವ ಬದಿಯಾದ ಆನೋಡಿನ ಕಡೆಗೆ ಗಾಳಿ ನುಸುಳಿರುತ್ತದೆ. ಆರಂಭಿಸಲೆಂದು ಹೈಡ್ರೋಜನ್ ಬಿಟ್ಟಾಗ, ಕೆಲವು ಕ್ಷಣಗಳ ಕಾಲ ಆನೋಡಿನ ಒಂದು ಭಾಗದಲ್ಲಿ ಹೈಡ್ರೋಜನ್, ಇನ್ನೊಂದು ಭಾಗದಲ್ಲಿ ಗಾಳಿ ಇರುತ್ತದೆ. ಹೈಡ್ರೋಜನ್ ತಲುಪಿದ ಭಾಗ ಎಂದಿನಂತೆ ಕೋಶವಾಗಿ ಕೆಲಸ ಮಾಡಿ ಎರಡು ಫಲಕಗಳ ನಡುವೆ ವೋಲ್ಟೇಜನ್ನು ಹೇರುತ್ತದೆ. ಗಾಳಿ ಉಳಿದಿರುವ ಭಾಗದಲ್ಲಿ ಆನೋಡ್ ಆಕ್ಸಿಜನ್ನನ್ನು ಅಪಕರ್ಷಿಸತೊಡಗುತ್ತದೆ (ಎಲೆಕ್ಟ್ರಾನು ಕೊಟ್ಟು ನೀರಾಗಿಸುತ್ತದೆ), ಅದಕ್ಕೆ ಬೇಕಾದ ಪ್ರೋಟಾನುಗಳು ಪೊರೆಯ ಆಚೆ ಬದಿಯಿಂದಲೇ ಬರಬೇಕು. ಆಚೆ ಬದಿಯ ಕ್ಯಾಥೋಡಿನಲ್ಲಿ ಅವುಗಳನ್ನು ಒದಗಿಸಬಲ್ಲವು ನೀರು ಮತ್ತು ಕಾರ್ಬನ್ ಮಾತ್ರ. ಹಾಗಾಗಿ ಅಲ್ಲಿನ ವಿಭವ ಸುಮಾರು 1.5 ವೋಲ್ಟಿನವರೆಗೆ ನೆಗೆಯುತ್ತದೆ, ಕಾರ್ಬನ್ ಸುಡುತ್ತದೆ. ಹೊರಗಿನ ವೋಲ್ಟ್‌ಮೀಟರಿನಲ್ಲಿ ಇದು ಕಾಣುವುದೇ ಇಲ್ಲ. 2005ರಲ್ಲಿ ಈ ಹಿಮ್ಮುಖ ಪ್ರವಾಹದ ವಿವರಣೆ ಪ್ರಕಟವಾದ ಮೇಲೆ ಕೋಶವನ್ನು ಹೇಗೆ ನಿಲ್ಲಿಸಬೇಕು, ಹೇಗೆ ಎಬ್ಬಿಸಬೇಕು ಎಂಬ ಕ್ರಮಗಳೇ ಚಿಂತನೆಯ ವಿಷಯವಾದವು. ಹೈಡ್ರೋಜನ್ನನ್ನು ವೇಗವಾಗಿ ನುಗ್ಗಿಸಿ ಆ ಗಡಿಯನ್ನು ಬೇಗ ದಾಟಿಸುವುದು, ಆ ಹೊತ್ತಿನಲ್ಲಿ ಸಣ್ಣ ರೋಧಕವೊಂದನ್ನು ಜೋಡಿಸಿ ವೋಲ್ಟೇಜನ್ನು ತಗ್ಗಿಸುವುದು ಇವೆಲ್ಲ ಅದರ ಫಲ.

ಕಾರ್ಬನ್ ಹೋದರೆ ಪ್ಲಾಟಿನಂ ಕಣಗಳು ನೆಲೆ ತಪ್ಪಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಅಥವಾ ಕಳಚುತ್ತವೆ, ಪದರದ ರಂಧ್ರಗಳು ಕುಸಿಯುತ್ತವೆ, ಆಕ್ಸಿಜನ್ ಗುಂಪುಗಳಿಂದ ಮೇಲ್ಮೈ ನೀರನ್ನು ಪ್ರೀತಿಸತೊಡಗಿ ಕ್ಯಾಥೋಡಿನಲ್ಲಿ ನೀರು ನಿಲ್ಲುತ್ತದೆ. ಪರಿಹಾರವಾಗಿ ಕಾರ್ಬನ್ನನ್ನು 2500 ಡಿಗ್ರಿಗೂ ಮೇಲೆ ಕಾಯಿಸಿ ಗ್ರಾಫೈಟಿನ ರಚನೆಯತ್ತ ಒಯ್ಯುತ್ತಾರೆ. ಅಂಚುಗಳು ಕಡಿಮೆಯಾಗಿ ಬಾಳಿಕೆ ಹೆಚ್ಚುತ್ತದೆ, ಆದರೆ ಮೇಲ್ಮೈ ವಿಸ್ತಾರ ಇಳಿದು ಪ್ಲಾಟಿನಮ್ಮನ್ನು ಸಮನಾಗಿ ಹರಡುವುದು ಕಷ್ಟವಾಗುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಕಠಿಣ ಗಂಟು ಇದೇ. ಬಾಳಿಕೆಯ ಪರೀಕ್ಷೆಗೆ 1.0 ಮತ್ತು 1.5 ವೋಲ್ಟುಗಳ ನಡುವೆ, ಸೆಕೆಂಡಿಗೆ 500 ಮಿಲಿವೋಲ್ಟ್ ವೇಗದಲ್ಲಿ, 5000 ಆವರ್ತ ಓಡಿಸುವ ಪದ್ಧತಿ ಬಳಕೆಯಲ್ಲಿದೆ. ವಿಭವವನ್ನು ಏರಿಸಿ ಇಳಿಸುತ್ತ ಪ್ರವಾಹವನ್ನು ಅಳೆಯುವ ಆವರ್ತ ವೋಲ್ಟಾಮೆಟ್ರಿಯಲ್ಲಿ 0.6 ವೋಲ್ಟಿನ ಹತ್ತಿರ ಕ್ವಿನೋನ್ ಗುಂಪುಗಳ ಉಬ್ಬು ಬೆಳೆಯುತ್ತ ಹೋದರೆ ಕಾರ್ಬನ್ ಉತ್ಕರ್ಷಣಗೊಳ್ಳುತ್ತಿದೆ ಎಂದು ತಿಳಿಯುತ್ತದೆ.

ಇದಕ್ಕೆ ತದ್ವಿರುದ್ಧವಾದ ಯಂತ್ರವನ್ನೂ ವಿದ್ಯಾರ್ಥಿಗಳಿಗೆ ಹೇಳಿ. ಇದೇ ಬಗೆಯ ಆಮ್ಲೀಯ ಪೊರೆಯಿಂದ ನೀರನ್ನು ಒಡೆದು ಹೈಡ್ರೋಜನ್ ತಯಾರಿಸುವ ಉಪಕರಣದ ಆನೋಡಿನಲ್ಲಿ ಕಾರ್ಬನ್ನಿಗೆ ಜಾಗವೇ ಇಲ್ಲ. ಅಲ್ಲಿ ವಿಭವ ಸದಾ ಎತ್ತರದಲ್ಲಿರುವುದರಿಂದ ಇರಿಡಿಯಂ ಆಕ್ಸೈಡ್ ಮತ್ತು ಟೈಟೇನಿಯಂ ಬಳಸುತ್ತಾರೆ.

ಉತ್ತರ 4: ವಿದ್ಯುತ್ ಎಂಜಿನಿಯರ್, ಹಾವೇರಿ

ವೆನೇಡಿಯಂ ಬ್ಯಾಟರಿಯ ಬಗ್ಗೆ ಸಂಕ್ಷೇಪವಾಗಿ ಬರೆಯುತ್ತೇನೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮರಿಯಾ ಸ್ಕಿಲ್ಲಾಸ್-ಕಜಾಕೋಸ್ ಅವರ ತಂಡ 1980ರ ದಶಕದಲ್ಲಿ ಇದನ್ನು ಬೆಳೆಸಿತು. ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿದ ವೆನೇಡಿಯಂ ಲವಣಗಳು ಎರಡು ತೊಟ್ಟಿಗಳಲ್ಲಿದ್ದು, ಪಂಪಿನ ಮೂಲಕ ಗ್ರಾಫೈಟ್ ನಾರಿನ ಕಂಬಳಿಯಂಥ ಎಲೆಕ್ಟ್ರೋಡುಗಳನ್ನು ಹಾದುಹೋಗುತ್ತವೆ. ಋಣ ಬದಿಯ ಪ್ರಮಾಣಿತ ವಿಭವ ಮೈನಸ್ 0.26 ವೋಲ್ಟ್, ಅಲ್ಲಿ ಕಾರ್ಬನ್ನಿಗೆ ಉತ್ಕರ್ಷಣದ ಭಯವಿಲ್ಲ. ಧನ ಬದಿಯದು ಸುಮಾರು 1.00 ವೋಲ್ಟ್, 0.207ಕ್ಕಿಂತ ಬಹಳ ಮೇಲಿದ್ದರೂ ಕೋಣೆಯ ಉಷ್ಣತೆಯಲ್ಲಿ, ಪ್ಲಾಟಿನಂ ಇಲ್ಲದೆ, ಒಳ್ಳೆಯ ಗ್ರಾಫೈಟ್ ನಾರು ಅಲ್ಲಿ ಬಹುಕಾಲ ತಾಳುತ್ತದೆ. ವೆನೇಡಿಯಂ ತಾನೇ ಸುಲಭವಾಗಿ ಎಲೆಕ್ಟ್ರಾನು ಕೊಡುತ್ತಿರುವ ತನಕ ವಿಭವ ಮೇಲೇರುವ ಅಗತ್ಯವೇ ಬೀಳುವುದಿಲ್ಲ.

ತೊಂದರೆ ಬರುವುದು ಅತಿಯಾಗಿ ಚಾರ್ಜ್ ಮಾಡಿದಾಗ. ಉತ್ಕರ್ಷಣಗೊಳ್ಳಬೇಕಾದ ವೆನೇಡಿಯಂ ಮುಗಿಯುತ್ತ ಬಂದರೂ ಪ್ರವಾಹವನ್ನು ಹಾಗೇ ದೂಡಿದರೆ ಧನ ಬದಿಯ ವಿಭವ ಮೇಲೇರಿ, ಗದಗಿನ ಆ ಬೀಕರಿನಲ್ಲಿ ನಡೆದದ್ದೇ ಇಲ್ಲೂ ನಡೆಯುತ್ತದೆ: ಆಕ್ಸಿಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಹೊರಡುತ್ತವೆ, ನಾರು ತೆಳುವಾಗುತ್ತದೆ, ನಾರಿನ ಹಿಂಬದಿಯ ಗ್ರಾಫೈಟ್ ಫಲಕ ಉಬ್ಬಿ ಕುಳಿ ಬಿದ್ದು ಕೊನೆಗೆ ದ್ರವ ಸೋರುವ ಹಂತಕ್ಕೂ ಹೋಗಬಹುದು. ಒಂದು ಕೋಶದ ಸರಾಸರಿ ವೋಲ್ಟೇಜ್ ನೋಡಿದರೆ ಸಾಲದು, ದ್ರವ ಸರಿಯಾಗಿ ತಲುಪದ ಒಂದು ಮೂಲೆಯಲ್ಲೂ ಇದು ಆಗಬಹುದಾದ್ದರಿಂದ ಹರಿವಿನ ವಿನ್ಯಾಸಕ್ಕೆ ಅಷ್ಟು ಮಹತ್ವ. ಗಾಳಿಯ ವಿದ್ಯುತ್ತಿನ ಏರಿಳಿತವನ್ನು ನೇರವಾಗಿ ಬ್ಯಾಟರಿಗೆ ಬಿಡದೆ, ನಡುವೆ ನಿಯಂತ್ರಕವಿಟ್ಟು ಮೇಲಿನ ಮಿತಿಯನ್ನು ಕಟ್ಟುನಿಟ್ಟಾಗಿ ಕಾಯುವುದೂ ಇದಕ್ಕೇ.

ಕುತೂಹಲದ ಸಂಗತಿಯೆಂದರೆ, ಈ ನಾರನ್ನು ಬಳಸುವ ಮೊದಲು ಗಾಳಿಯಲ್ಲಿ ಸುಮಾರು 400 ಡಿಗ್ರಿಗೆ ಕಾಯಿಸಿ ಬೇಕೆಂದೇ ಸ್ವಲ್ಪ ಉತ್ಕರ್ಷಿಸುತ್ತಾರೆ. ಆ ಆಕ್ಸಿಜನ್ ಗುಂಪುಗಳಿಂದ ನಾರು ಚೆನ್ನಾಗಿ ನೆನೆಯುತ್ತದೆ, ವೆನೇಡಿಯಮ್ಮಿನ ಕ್ರಿಯೆಯೂ ಚುರುಕಾಗುತ್ತದೆ. ಮಿತಿ ಮೀರಿದ ಉತ್ಕರ್ಷಣ ಅದೇ ನಾರನ್ನು ಕೊಲ್ಲುತ್ತದೆ.

ಉತ್ತರ 5: ನಿವೃತ್ತ ಪ್ರಾಧ್ಯಾಪಕ, ಧಾರವಾಡ

ತರಗತಿಯ ಪ್ರಯೋಗಕ್ಕೆ ನನ್ನ ಸಲಹೆ ಇಷ್ಟು. ಎರಡಕ್ಕೆ ಒಂದರ ಅನುಪಾತವನ್ನು ತೋರಿಸುವುದೇ ಉದ್ದೇಶವಾದರೆ ಆಮ್ಲವನ್ನೂ ಕಾರ್ಬನ್ನನ್ನೂ ಬಿಟ್ಟು, ತೆಳು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ನಿಕ್ಕಲ್ ತಂತಿಗಳನ್ನು ಬಳಸಿ. ಕಣ್ಣಿಗೆ ಕನ್ನಡಕ ಇರಲಿ, ಕ್ಷಾರ ಆಮ್ಲಕ್ಕಿಂತ ಸೌಮ್ಯವೆಂದು ಯಾರೂ ಭಾವಿಸದಿರಲಿ. ಸ್ಟೇನ್‌ಲೆಸ್ ಸ್ಟೀಲ್ ಚಮಚಗಳನ್ನು ಆನೋಡ್ ಮಾಡಬೇಡಿ, ವಿಷಕಾರಿ ಕ್ರೋಮೇಟ್ ಬರಬಹುದು.

ಆದರೆ ಕಾರ್ಬನ್ ಕಡ್ಡಿಗಳ ಪ್ರಯೋಗವನ್ನು ಕೈಬಿಡಬೇಡಿ, ಅದನ್ನು ಕಾರ್ಬನ್ ಸವೆತದ ಪ್ರಯೋಗ ಎಂಬ ಹೆಸರಿನಲ್ಲಿ ಮುಂದುವರಿಸಿ. ಲಿಟ್ಮಸ್ ಪರೀಕ್ಷೆಯಲ್ಲಿ ಕ್ಲೋರಿನ್ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಆನೋಡಿನ ಅನಿಲವನ್ನು ಮೊದಲು ಸ್ವಲ್ಪ ಹತ್ತಿಯ ಮೂಲಕ ಹಾಯಿಸಿ ಆಮ್ಲದ ತುಂತುರನ್ನು ತಡೆದು, ಆಮೇಲೆ ಹೊಸದಾಗಿ ಸೋಸಿದ ಸುಣ್ಣದ ತಿಳಿನೀರಿಗೆ ಬಿಡಿ. ಆರಂಭದಲ್ಲಿ ಡೈಆಕ್ಸೈಡ್ ಬೀಕರಿನ ದ್ರವದಲ್ಲೇ ಕರಗಿ ಉಳಿಯುವುದರಿಂದ ತಿಳಿನೀರು ಕದಡಲು ಸಮಯ ಹಿಡಿಯುತ್ತದೆ. ಬೇಕಿದ್ದರೆ ಪ್ರಯೋಗದ ಕೊನೆಗೆ ಪ್ರವಾಹವನ್ನು ನಿಲ್ಲಿಸಿ, ಆನೋಡಿನ ಬದಿಯ ದ್ರವವನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದು ಮೆಲ್ಲಗೆ ಬಿಸಿಮಾಡಿ, ಹೊರಬರುವ ಅನಿಲವನ್ನು ಪರೀಕ್ಷಿಸಿ. ಮಾನಾಕ್ಸೈಡಿನ ಅಲ್ಪಾಂಶ ಇರಬಹುದಾದ್ದರಿಂದ ಕಿಟಕಿಗಳು ತೆರೆದಿರಲಿ. ತೂಕ ನೋಡಲು ಹುಬ್ಬಳ್ಳಿಯ ಗೆಳೆಯರು ಹೇಳಿದ 28 ಮಿಲಿಗ್ರಾಮಿಗೆ ಸಾಮಾನ್ಯ ತಕ್ಕಡಿ ಸಾಲದು. ನಿಮ್ಮಲ್ಲಿ ಮಿಲಿಗ್ರಾಂ ತೋರಿಸುವ ತಕ್ಕಡಿ ಇಲ್ಲದಿದ್ದರೆ ಅದೇ ಪ್ರವಾಹವನ್ನು ಮೂರು ಗಂಟೆ ಹರಿಸಿ, ಆಗ ಲೆಕ್ಕದ ಮಿತಿ ಸುಮಾರು 168 ಮಿಲಿಗ್ರಾಂ ಆಗುತ್ತದೆ, ಸೆಂಟಿಗ್ರಾಂ ತೋರಿಸುವ ತಕ್ಕಡಿಯಲ್ಲೂ ವ್ಯತ್ಯಾಸ ಕಾಣುತ್ತದೆ.